ಹನ್ನೊಂದೂಕಾಲಿನ ಬಸ್ಸಿನ ಮೇಲೆ ಇಳಿದ ವಿಮಾನ

ಶನಿವಾರ, ಆಷಾಢದ ಎರಡನೇ ವಾರ, ಬೆಳಿಗ್ಗೆ ಹನ್ನೊಂದೂವರೆ. ಸ್ಥಳ, ಶಹಾಪುರದ ನಮ್ಮ ಬಸ್ ಶೆಡ್ಡಿನ ಮೇಲಂತಸ್ತಿನ ವರಾಂಡಾ. ಹಾಜರಿದ್ದವರು: ಮ್ಯಾನೇಜರ್, ಹನ್ನೊಂದು ಜನ ಕಂಡಕ್ಟರರು, ಹಿರಿಯ ಮೆಕ್ಯಾನಿಕ್, ಮತ್ತು ಗೇಟಿನಲ್ಲಿ ಬಸ್ಸುಗಳು ಹೊರಬೀಳುವ ಸಮಯ ಬರೆಯುವ ನಾನು. ಹಾಜರಿರಬಾರದಾಗಿದ್ದರೂ ಹಾಜರಿದ್ದವನು ಒಬ್ಬ, ಹನ್ನೊಂದೂಕಾಲಿಗೆ ಸುರಪುರಕ್ಕೆ ಹೊರಡಬೇಕಾಗಿದ್ದ ಬಸ್ಸಿನ ಡ್ರೈವರ್. ಅವನು ಗೇಟಿನ ಒಳಗೇ ಬಸ್ಸು ನಿಲ್ಲಿಸಿ, ಬಾಗಿಲಿಗೆ ಒರಗಿ, ಮೇಲೆ ನಮ್ಮತ್ತ ನೋಡುತ್ತಿದ್ದ. ಅವನ ಕಂಡಕ್ಟರ್ ಬಸ್ ನಿಲ್ದಾಣದಲ್ಲಿ ಪ್ಯಾಸೆಂಜರುಗಳ ಬೈಗುಳ ತಿನ್ನುತ್ತ ಕಾಯುತ್ತಿದ್ದ.

ನಮ್ಮದು ಚಿಕ್ಕ ಖಾಸಗಿ ಕಂಪನಿ. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರುಗಳ ನಡುವೆ ನಮ್ಮ ಶೆಡ್ಡಿನಿಂದ ಹನ್ನೆರಡು ಬಸ್ಸು ಓಡುತ್ತಿದ್ದವು. ಮಾಲೀಕರು ಯಾದಗಿರಿಯಲ್ಲಿ ಇರುತ್ತಿದ್ದರು. ಅವರು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದರು. ಯಾವುದೋ ದೂರದೇಶದ ಕಚೇರಿಯಲ್ಲಿ ಕೆಲಸಗಾರರು ಕಾಗದದ ವಿಮಾನ ಹಾರಿಸಿ ತಲೆಯ ಭಾರ ಇಳಿಸಿಕೊಳ್ಳುತ್ತಾರಂತೆ. ನಮ್ಮ ತಲೆಯ ಭಾರವನ್ನೂ ಹಾಗೆಯೇ ಇಳಿಸಬೇಕು ಎಂದು ಮ್ಯಾನೇಜರಿಗೆ ಹುಕುಂ ಬಂತು. ಬಸ್ಸಿನ ಸೀಟುಗಳ ಹರಿದ ರೆಕ್ಸಿನ್ ಬದಲಿಸಿ ಎಂದು ನಾವು ಕೊಟ್ಟಿದ್ದ ಅರ್ಜಿಗೆ ಮಾತ್ರ ಉತ್ತರ ಬಂದಿರಲಿಲ್ಲ.

ಮ್ಯಾನೇಜರ್ ಮೈಸೂರು ಕಡೆಯ ಹುಡುಗ. ಓದಿದವನು, ಒಳ್ಳೆಯವನು, ಯಾರಿಗೂ ಇಲ್ಲ ಎನ್ನಲು ಬಾರದವನು. ಆಗ ಅವನ ಟೇಬಲ್ಲಿನ ಮೇಲೆ ಇನ್ನೊಂದು ತಲೆನೋವು ಕೂತಿತ್ತು. ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಮೂರಕ್ಕೆ ಮುಗಿಯುವ ಸುರಪುರದ ಡ್ಯೂಟಿ ಖಾಲಿಯಾಗಿತ್ತು. ಶೆಡ್ಡಿನಲ್ಲಿ ಅದಕ್ಕಿಂತ ಒಳ್ಳೆಯ ಡ್ಯೂಟಿ ಇಲ್ಲ. ಅದನ್ನು ಕೇಳಿ ಏಳು ಕಂಡಕ್ಟರರು ಅರ್ಜಿ ಹಾಕಿದ್ದರು. ಒಬ್ಬರಿಗೆ ಕೊಟ್ಟರೆ ಆರು ಜನ ಮುನಿಸಿಕೊಳ್ಳುತ್ತಾರೆ. ಮ್ಯಾನೇಜರ್ ಎರಡೂ ತಲೆನೋವಿಗೆ ಒಂದೇ ಗುಳಿಗೆ ನುಂಗಿದ. ವಿಮಾನ ಹಾರಿಸಿ ಗೆದ್ದವರಿಗೆ ಆರು ತಿಂಗಳು ಆ ಡ್ಯೂಟಿ ಎಂದು ನೋಟಿಸ್ ಹಚ್ಚಿದ. ಮೇಲೆ ದಪ್ಪ ಅಕ್ಷರದಲ್ಲಿ 'ಸೌಹಾರ್ದ ಸ್ಪರ್ಧೆ' ಎಂದು ಬರೆದಿದ್ದ. ಅರ್ಜಿ ಹಾಕದವರಲ್ಲೂ ನಾಲ್ವರು ಸ್ಪರ್ಧೆಗೆ ಹೆಸರು ಕೊಟ್ಟರು. ತೀರ್ಪು ಕೊಡುವ ಕೆಲಸ ನನಗೆ ಬಂತು. ಶೆಡ್ಡಿನಲ್ಲಿ ಗಡಿಯಾರ ಕಟ್ಟಿಕೊಂಡು ಓಡಾಡುವವನು ನಾನೊಬ್ಬನೇ ಎಂಬುದು ಅದಕ್ಕೆ ಕಾರಣ.

ಅಂದಿನಿಂದ ಎರಡು ವಾರ ಶೆಡ್ಡಿನಲ್ಲಿ ಸೌಹಾರ್ದ ಎಷ್ಟು ಹೆಚ್ಚಿತೆಂದರೆ ಕಂಡಕ್ಟರರು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಬುತ್ತಿ ಉಣ್ಣತೊಡಗಿದರು. ತಾವು ಕಾಗದ ಮಡಚುವುದನ್ನು ಪಕ್ಕದವನು ನೋಡಬಾರದಲ್ಲ. ಒಬ್ಬ ಸ್ಟೆಪ್ನಿಯ ಹಿಂದೆ ಕೂತು ಮಡಚುತ್ತಿದ್ದ. ಇನ್ನೊಬ್ಬ ಪಾಯಖಾನೆಯೊಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಮಡಿಕೆ ಗಟ್ಟಿ ಕೂರಲಿ ಎಂದು ಒಬ್ಬ ತನ್ನ ವಿಮಾನವನ್ನು ಬಸ್ಸಿನ ಹಿಂದಿನ ಚಕ್ರದ ಕೆಳಗಿಟ್ಟು ಡ್ರೈವರಿಗೆ ಹಿಂದೆ ಬರಲು ಹೇಳಿದ. ಮಡಿಕೆ ಗಟ್ಟಿಯಾಗಿಯೇ ಕೂತಿತು. ಆದರೆ ವಿಮಾನದ ಮೇಲೆ ಟೈರಿನ ಅಚ್ಚು ಬಿದ್ದು ಅದು ಹಾರುವ ಬದಲು ಉರುಳಿತು.

ಎಲ್ಲರಿಗಿಂತ ಗಂಭೀರವಾಗಿ ತಯಾರಾದವನು ನಮ್ಮ ಹಿರಿಯ ಕಂಡಕ್ಟರ್. ಅವನು ಮಾಲೀಕರ ಓಣಿಯವನು. ಅದನ್ನು ಅವನು ದಿನಕ್ಕೊಮ್ಮೆ ಹೇಳುತ್ತಿದ್ದನಾದ್ದರಿಂದ ನಮಗೂ ಮರೆಯುತ್ತಿರಲಿಲ್ಲ. ಮಧ್ಯಾಹ್ನ ಮೂರರ ನಂತರ ಅವನಿಗೆ ಪ್ಲಾಟುಗಳ ದಲ್ಲಾಳಿ ಕೆಲಸ ಇತ್ತು. ಏಳರಿಂದ ಮೂರರ ಡ್ಯೂಟಿ ಅವನಿಗೆ ಹೊಲಿಸಿಟ್ಟ ಅಂಗಿಯ ಹಾಗಿತ್ತು. ಅವನು ಮೊಬೈಲ್ ನೋಡಿ ಚೂಪು ಮೂತಿಯ, ಸಣ್ಣ ರೆಕ್ಕೆಯ ವಿಮಾನ ಕಲಿತ.

ಇನ್ನೊಬ್ಬಳು ಗೋಗಿಯ ಹೆಣ್ಣುಮಗಳು. ನಮ್ಮಲ್ಲಿ ಒಬ್ಬಳೇ ಹೆಣ್ಣು ಕಂಡಕ್ಟರ್. ಹೆರಿಗೆ ರಜೆ ಮುಗಿಸಿ ಬಂದು ಮೂರು ತಿಂಗಳಾಗಿತ್ತು. ಅವಳ ಡ್ಯೂಟಿ ಮಧ್ಯಾಹ್ನ ಒಂದೂವರೆಗೆ ಶುರುವಾಗಿ ರಾತ್ರಿ ಒಂಬತ್ತೂವರೆಗೆ ಮುಗಿಯುತ್ತಿತ್ತು. ಗೋಗಿಗೆ ಕೊನೆಯ ಆಟೋ ಎಂಟಕ್ಕೇ ಹೋಗಿರುತ್ತಿತ್ತು. ಆದ್ದರಿಂದ ಡ್ಯೂಟಿ ಇದ್ದ ದಿನ ಶಹಾಪುರದ ಅತ್ತೆಯ ಮನೆಯಲ್ಲಿ ಮಲಗಿ ಬೆಳಿಗ್ಗೆ ಊರಿಗೆ ಹೋಗುತ್ತಿದ್ದಳು. ಕೂಸು ಗೋಗಿಯಲ್ಲಿ ಅವಳ ತಾಯಿಯ ಹತ್ತಿರ ಇತ್ತು. ಅರ್ಜಿಯಲ್ಲಿ ಇದೆಲ್ಲ ಬರೆದಿದ್ದಳು. ಮ್ಯಾನೇಜರ್ ಓದಿ ಕಣ್ಣು ಒದ್ದೆ ಮಾಡಿಕೊಂಡು, ಉಳಿದ ಆರು ಅರ್ಜಿಗಳ ಜೊತೆ ಅದನ್ನೂ ಅದೇ ಪಿನ್ನಿಗೆ ಚುಚ್ಚಿದ್ದ.

ಅವಳು ಬಚ್ಚಿಟ್ಟುಕೊಂಡು ಮಡಚಲಿಲ್ಲ. ನೇರವಾಗಿ ಬಸ್ಸಿನ ಕೆಳಗಿನ ರಿಪೇರಿ ಗುಂಡಿಯಲ್ಲಿ ಇಳಿದು ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ಕಿನ ಹತ್ತಿರ ಹೋದಳು. ನಾನು ಪಕ್ಕದಲ್ಲೇ ಡೀಸೆಲ್ ಚೀಟಿ ಬರೆಯುತ್ತಿದ್ದೆ.

"ಮಾಮಾ, ಇದು ಮ್ಯಾಲ ಮೂತಿ ಎತ್ತಿ ಧಪ್ ಅಂತ ಬೀಳಾಕತ್ಯಾದ. ಯಾಕ?"

ಮೆಕ್ಯಾನಿಕ್ ತಲೆ ಹೊರಗೆ ಹಾಕಿ ನೋಡಿದ. "ಹಿಂದಿನ ಸೀಟಿನ್ಯಾಗ ನಲವತ್ತು ಮಂದಿ ತುಂಬಿದ್ರ ಬಸ್ಸಿಂದು ಮುಂದಿನ ಗಾಲಿ ಹಗುರ ಆಗ್ತದಲ್ಲ, ಹಂಗ ಆಗ್ಯಾದ ನಿಂದು. ಮುಂದ ಮಂದಿ ಕೂಡಸು."

"ಕಾಗದದಾಗ ಎಲ್ಲಿ ಮಂದಿ ಕೂಡಸ್ಲಿ?"

"ಮಡಿಕಿ ಅಂದ್ರ ಮಂದಿ ಅಂತ ತಿಳಕೋ. ಮುಂದ ಎರಡು ಮಡಿಕಿ ಜಾಸ್ತಿ ಹಾಕು. ರೆಕ್ಕಿ ಅಗಲ ಬಿಡು. ಎರಡೂ ಕಡಿ ಸಮ ಇರ್ಬೇಕು ಮತ್ತ, ಇಲ್ಲಾಂದ್ರ ಎಡಕ್ಕ ಎಳೀತದ."

ಅವಳು ಅಲ್ಲೇ ನಿಂತು ಮಡಚಿದಳು. ಕಂಡಕ್ಟರರು ನೋಟನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸುತ್ತಾರಲ್ಲ, ಆಗ ಉಗುರಿನಿಂದ ಒಮ್ಮೆ ಎಳೆಯುತ್ತಾರೆ. ಓಡುವ ಬಸ್ಸಿನಲ್ಲಿ, ಒಂದೇ ಕೈಯಲ್ಲಿ. ಅವಳ ಉಗುರು ಓಡಿದಲ್ಲಿ ಇಸ್ತ್ರಿ ಮಾಡಿದ ಹಾಗೆ ಗೆರೆ ಮೂಡಿತು. ಮೂತಿಯನ್ನು ಮೊಂಡ ಮಾಡಿ ಒಳಕ್ಕೆ ಮೂರು ಸುತ್ತು ಮಡಚಿದಳು. ರೆಕ್ಕೆ ಅಗಲ, ತುದಿ ಸ್ವಲ್ಪ ಮೇಲೆ. ನೋಡಲು ವಿಮಾನಕ್ಕಿಂತ ಹೆಚ್ಚಾಗಿ ಮೊರದ ಹಾಗಿತ್ತು. ಎಸೆದಾಗ ಮೆಕ್ಯಾನಿಕ್ಕಿನ ತಲೆಯ ಮೇಲಿಂದ ಹೋಗಿ ಗ್ರೀಸ್ ಡಬ್ಬಿಯ ಆಚೆ ಮೆಲ್ಲಗೆ ಕೂತಿತು.

ಇನ್ನು ಸ್ಪರ್ಧೆಯ ದಿನ. ಎಲ್ಲರಿಗೂ ಒಂದೊಂದೇ ಹಾಳೆ, ಹಾಳೆಯ ಮೇಲೆ ಮ್ಯಾನೇಜರಿನ ದುಂಡು ಸೀಲು. ಹೊರಗಿನ ಕಾಗದ ತರಬಾರದೆಂದು ಈ ಏರ್ಪಾಡು. ವರಾಂಡಾದಿಂದ ಎಸೆಯಬೇಕು. ಕೆಳಗೆ ಅಂಗಳದಲ್ಲಿ ಮೀಟರಿಗೊಂದರಂತೆ ಇಪ್ಪತ್ತು ಸುಣ್ಣದ ಗೆರೆ. ಹೆಚ್ಚು ದೂರ ಹೋಗಿ ಇಳಿದದ್ದು ಗೆದ್ದ ಹಾಗೆ. ಒಬ್ಬರಿಗೆ ಒಂದೇ ಅವಕಾಶ.

ನಾನು ಸೀಟಿ ಊದಿದೆ. ಮೊದಲನೆಯವನು ಎತ್ತಿದ ಕೈ ಇಳಿಸಿದ.

"ಯಾಕೋ?"

"ಒಂದು ಸೀಟಿ ಅಂದ್ರ ನಿಲ್ಲು ಅಂತಲ್ರಿ ಸಾಹೇಬ್ರ. ಎರಡು ಊದ್ರಿ, ಬಿಡ್ತೀನಿ."

ಎರಡು ಊದಿದೆ. ಅವನ ವಿಮಾನ ವರಾಂಡಾದ ಕಂಬಕ್ಕೆ ಹೊಡೆದು ಅವನ ಕಾಲ ಬಳಿಯೇ ಬಿತ್ತು. ಮುಂದಿನ ಆರು ಜನರದೂ ಹೆಚ್ಚುಕಡಿಮೆ ಅದೇ ಗತಿ. ಆಷಾಢದ ಗಾಳಿ ಗುಡ್ಡದ ಕಡೆಯಿಂದ ಬೀಸಿ ಎಲ್ಲವನ್ನೂ ಗೋಡೆಗೆ ತಂದು ಅಂಟಿಸುತ್ತಿತ್ತು. ಹಿರಿಯ ಕಂಡಕ್ಟರ್ ಗಾಳಿ ನಿಲ್ಲುವವರೆಗೆ ಕಾದು, ಕ್ರಿಕೆಟ್ ಆಡುವವನ ಹಾಗೆ ಓಡಿ ಬಂದು ಎಸೆದ. ಹತ್ತೊಂಬತ್ತನೆಯ ಗೆರೆ. ಎಸೆದು ಮುಗಿಸಿ ಕೆಳಗಿಳಿದಿದ್ದವರಿಂದ ಚಪ್ಪಾಳೆ ಬಂತು. ಅವನು ಆಗಲೇ ಮೊಬೈಲ್ ತೆಗೆದು ಯಾರಿಗೋ, "ಸೋಮವಾರ ಮೂರರ ಮ್ಯಾಲ ಬರ್ರಿ, ಪ್ಲಾಟ್ ತೋರಸ್ತೀನಿ" ಎಂದ.

ಒಂಬತ್ತನೆಯವಳು ಅವಳು. ನಾನು ಎರಡು ಸೀಟಿ ಊದಿದೆ. ಅದೇ ಹೊತ್ತಿಗೆ ಮ್ಯಾನೇಜರಿನ ಕಣ್ಣು ಗೇಟಿನ ಕಡೆ ಹೋಯಿತು. "ಏನ್ರೀ, ಆ ಸುರಪುರದ ಬಸ್ಸು ಇನ್ನೂ ಇಲ್ಲೇ ಇದೆಯಲ್ಲ! ಹೊರಡ್ರೀ ಬೇಗ!" ಎಂದು ಕೂಗಿದ. ಡ್ರೈವರ್ ಹಾರಿ ಸೀಟಿಗೆ ಕೂತ. ಅಷ್ಟರಲ್ಲಿ ಅವಳು ಎಸೆದಿದ್ದಳು. ಮೊರದಂಥ ಆ ವಿಮಾನ ನಿಧಾನಕ್ಕೆ ಇಳಿಯುತ್ತ, ಗಾಳಿ ಬಂದಾಗ ರೆಕ್ಕೆಯ ಮೇಲೆ ಅದನ್ನು ಹೊತ್ತು ಒಂದು ಮೊಳ ಮೇಲೇರಿ, ಇಪ್ಪತ್ತನೆಯ ಗೆರೆ ದಾಟಿ, ಬಸ್ಸಿನ ಟಾಪಿನ ಮೇಲೆ ಸಾಮಾನು ಕಟ್ಟುವ ಕಂಬಿಗಳ ನಡುವೆ ಕೂತಿತು. ಬಸ್ಸು ಹೊರಟೇ ಹೋಯಿತು. ಗೇಟಿನ ಆಚೆ ಹೊಗೆ ಮಾತ್ರ ಉಳಿಯಿತು.

ಉಳಿದಿಬ್ಬರು ಎಸೆದರೋ ಇಲ್ಲವೋ ಯಾರೂ ನೋಡಲಿಲ್ಲ. ಆದರೂ ಅಳೆದು ಬರೆದಿದ್ದೇನೆ, ನಾಲ್ಕು ಮೀಟರು ಮತ್ತು ಏಳು ಮೀಟರು.

"ವಿಮಾನಕ್ಕ ಲೈನ್ ಸಿಕ್ತು ನೋಡ್ರಿ, ಸುರಪುರಕ್ಕ ಹೋತು!" ಎಂದು ಒಬ್ಬ ಕುಣಿದ. "ಇಳಿಯೂ ತನಕ ಲೆಕ್ಕ ಹಿಡೀಬೇಕ್ರಿ ಮತ್ತ. ದೇವಾಪುರದ ತನಕ ಹೋದ್ರ?" ಎಂದ ಇನ್ನೊಬ್ಬ. ಹಿರಿಯ ಕಂಡಕ್ಟರ್ ನಗಲಿಲ್ಲ. "ಅಂಗಳದಾಗ ಬಿದ್ದಿಲ್ಲ ಅಂದ್ರ ಔಟ್. ಮುಗೀತು," ಎಂದ.

ಸುರಪುರದ ನಿಲ್ದಾಣದಲ್ಲಿ ನಮ್ಮ ಏಜೆಂಟ್ ನನ್ನ ಹಳೆಯ ಸ್ನೇಹಿತ. ಇಬ್ಬರೂ ಒಂದೇ ಹಾಸ್ಟೆಲಿನಲ್ಲಿ, ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು ಓದಿದವರು. ಅವನಿಗೆ ಫೋನ್ ಮಾಡಿ ಬಸ್ಸು ಬಂದ ಕೂಡಲೇ ಟಾಪ್ ಹತ್ತಿ ನೋಡು ಎಂದೆ. ಹನ್ನೆರಡು ಐವತ್ತಕ್ಕೆ ಅವನಿಂದ ಫೋನ್ ಬಂತು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ದೋಸ್ತ, ಟಾಪಿನ ಮ್ಯಾಲ ಒಂದು ಸ್ಟೆಪ್ನಿ, ಎರಡು ತೊಗರಿ ಚೀಲ, ಒಂದು ಕಾಗದದ ವಿಮಾನ ಅದ. ಯಾವುದಕ್ಕ ಲಗೇಜ್ ಚೀಟಿ ಹರೀಲಿ?"

"ವಿಮಾನ ಎಲ್ಲಿ ಅದ, ಮುಂದೋ ಹಿಂದೋ?"

"ಹಿಂದ, ಏಣಿ ಹತ್ರ ಕಂಬಿಗಿ ಸಿಕ್ಕೊಂಡಾದ. ಮ್ಯಾನೇಜರ್ ಸಾಹೇಬ್ರದು ದುಂಡು ಸೀಲ್ ಅದ. ಸರ್ಕಾರಿ ಕಾಗದ ಏನೋ ಅಂತ ಮೊದಲ ಕೈ ಮುಗದ್ನೆಪಾ."

ಅವಳು ಬಾಯಿಗೆ ಸೆರಗು ಹಿಡಿದುಕೊಂಡಳು. ಆಗ ಹಿರಿಯ ಕಂಡಕ್ಟರ್ ನನ್ನ ಗೇಟ್ ರಿಜಿಸ್ಟರ್ ತಂದು ಮ್ಯಾನೇಜರಿನ ಮುಂದೆ ತೆರೆದಿಟ್ಟ.

"ಸರ್, ಸಾಹೇಬ್ರ ಕೈಬರಹ ನೋಡ್ರಿ. ಸುರಪುರ ಬಸ್ಸು ಗೇಟ್ ಬಿಟ್ಟದ್ದು ಹನ್ನೊಂದೂಕಾಲಿಗಿ. ಸ್ಪರ್ಧೆ ಚಾಲೂ ಆಗಿದ್ದು ಹನ್ನೊಂದೂವರಿಗಿ. ಇಲ್ಲದ ಬಸ್ಸಿನ ಮ್ಯಾಲ ವಿಮಾನ ಹ್ಯಾಂಗ ಬೀಳ್ತದ? ಯಾರೋ ನಿಲ್ದಾಣದಾಗ ಹತ್ತಿ ಇಟ್ಟಾರ."

ಹನ್ನೊಂದು ಜನ ಕಣ್ಣಾರೆ ಕಂಡಿದ್ದರು. ಮ್ಯಾನೇಜರ್ ತಾನೇ ಆ ಬಸ್ಸನ್ನು ಗದರಿಸಿ ಕಳಿಸಿದ್ದ. ಆದರೂ ಎಲ್ಲರೂ ರಿಜಿಸ್ಟರಿನ ಮೇಲೆ ಬಾಗಿ, "ಹೌದಲ್ರಿ, ಹನ್ನೊಂದೂಕಾಲು ಅಂತನ ಅದ," ಎಂದರು.

ಈ ರಿಜಿಸ್ಟರಿನ ವಿಷಯ ಹೇಳಲೇಬೇಕು. ನಾನು ಕೆಲಸಕ್ಕೆ ಸೇರಿದಾಗ ಹಿಂದಿನ ಗೇಟ್ ಗುಮಾಸ್ತ ನನಗೆ ಕಲಿಸಿದ್ದು ಹೀಗೆ: ಬೆಳಿಗ್ಗೆ ಬಂದ ಕೂಡಲೇ ಕೈಕಾಲು ತೊಳೆದು, ಇಡೀ ದಿನದ ಸಮಯವನ್ನು ಒಂದೇ ಸಲಕ್ಕೆ ಬರೆದುಬಿಡಬೇಕು. ಅಕ್ಷರ ಒಂದೇ ಸಮ ಬರುತ್ತದೆ, ಚಿತ್ತಿಲ್ಲ, ಕಾಟಿಲ್ಲ. ಬಸ್ಸುಗಳು ಆಮೇಲೆ ತಮಗೆ ಅನುಕೂಲವಾದಾಗ ಹೊರಡುತ್ತವೆ. ಟೈರು ಕುಸಿದು ಮಧ್ಯಾಹ್ನದವರೆಗೆ ನಿಂತ ಬಸ್ಸೂ ನಮ್ಮಲ್ಲಿ ಬೆಳಿಗ್ಗೆಯೇ ಹೊರಟಿರುತ್ತಿತ್ತು. ಯಾದಗಿರಿಯಲ್ಲಿ ಮಾಲೀಕರು ತಿಂಗಳಿಗೊಮ್ಮೆ ರಿಜಿಸ್ಟರ್ ತಿರುವಿ, "ಶಹಾಪುರದ ಶೆಡ್ ನೋಡಿ ಕಲೀರಿ" ಎಂದು ಉಳಿದ ಶೆಡ್ಡುಗಳವರಿಗೆ ಹೇಳುತ್ತಿದ್ದರು. ಇದು ಸುಳ್ಳು ಎಂದು ನನಗೆ ಅಷ್ಟು ವರ್ಷ ಅನಿಸಿರಲಿಲ್ಲ. ಶಿಸ್ತು ಎಂದೇ ಅನಿಸಿತ್ತು.

ಅವಳು ಮ್ಯಾನೇಜರಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ಕಾಕಾ, ನೀವು ಬರದದ್ದ ಖರೇ ಅಂತಂದ್ರ ನಾ ಒಂದು ಮಾತ ಆಡಂಗಿಲ್ಲ. ಒಂದೂವರಿಗಿ ನನ್ನ ಬಸ್ ಅದ, ಸುಮ್ನ ಡ್ಯೂಟಿಗಿ ಹೋಗ್ತೀನಿ. ಆದ್ರ ನಾ ಯಾರ ಕೈಲೂ ಹತ್ತಿಸಿ ಇಡಿಸಿಲ್ಲ. ಅದೊಂದು ನೀವ ಹೇಳ್ರಿ."

ಗಡಿಯಾರ ನೋಡಿದೆ. ಒಂದು ಗಂಟೆ ಹತ್ತು ನಿಮಿಷ. ಮ್ಯಾನೇಜರ್ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. "ನೋಡಿ, ರಿಜಿಸ್ಟರ್ ಮುಟ್ಟೋದು ಬೇಡ. ಒಂದು ಕಾಟು ಬಿದ್ದರೆ ಯಾದಗಿರಿಯಿಂದ ಹತ್ತು ಪ್ರಶ್ನೆ ಬರುತ್ತೆ. ಇಬ್ಬರಿಗೂ ಸಮಾಧಾನ ಬಹುಮಾನ ಅಂತ ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟುಬಿಡೋಣ," ಎಂದ.

"ಸ್ಟೀಲ್ ಡಬ್ಬಿ ತಗೊಂಡು ಆಕಿ ಕೂಸು ಏನ್ ಮಾಡ್ತದ್ರಿ?" ಎಂದೆ.

ಕೆಂಪು ಪೆನ್ನು ತೆಗೆದೆ. ಹನ್ನೊಂದೂಕಾಲಿನ ಮೇಲೆ ಗೆರೆ ಎಳೆದು, ಮೇಲೆ ಹನ್ನೊಂದು ನಲವತ್ತಾರು ಎಂದು ಬರೆದೆ. ಷರಾ ಕಾಲಮಿನಲ್ಲಿ, ಬಸ್ಸು ನಿಗದಿತ ಸಮಯಕ್ಕೆ ಹೊರಡಲಿಲ್ಲ, ಸಮಯವನ್ನು ಮುಂಚಿತವಾಗಿ ಬರೆದದ್ದು ನನ್ನ ತಪ್ಪು ಎಂದು ಬರೆದು ಸಹಿ ಹಾಕಿದೆ. ಹಿರಿಯ ಕಂಡಕ್ಟರ್ ಬಿಡಲಿಲ್ಲ.

"ಹಂಗಾದ್ರ ಉಳಿದ ಬಸ್ಸುಗಳ ಟೈಮೂ ಹಿಂಗ ಏನ್ರಿ?"

"ಹಿಂಗ."

"ಮುಂದಿನಾವೂ ಬರದೀರೇನು?"

"ಸಂಜಿ ತನಕ ಬರದೀನಿ. ಅವನ್ನೂ ತಿದ್ದತೀನಿ." ಇನ್ನೂ ಹೊರಡದ ಬಸ್ಸುಗಳಿಗೆ ಬರೆದಿದ್ದ ಐದು ಸಮಯಗಳಿಗೂ ಗೆರೆ ಎಳೆದೆ. ಮ್ಯಾನೇಜರ್ ಕುರ್ಚಿಯಲ್ಲಿ ಕೂತುಬಿಟ್ಟ. ಅವನ ತಲೆಯ ಭಾರ ಇಳಿಯುವ ಲಕ್ಷಣ ಕಾಣಲಿಲ್ಲ.

ಬಸ್ಸು ಅಲ್ಲಿತ್ತು ಎಂದಾಯಿತು. ಎಷ್ಟು ದೂರದಲ್ಲಿತ್ತು ಎನ್ನುವುದು ಬಾಕಿ. ಆಗ ಅಂಗಳಕ್ಕೆ ಇಳಿದಿದ್ದ ಮೆಕ್ಯಾನಿಕ್ ಕೆಳಗಿನಿಂದ ಕೂಗಿದ.

"ಬರ್ರಿ ಸಾಹೇಬ್ರ, ನಾ ತೋರಸ್ತೀನಿ. ಆ ಗಾಡಿ ಇಂಜಿನ್ ಆಯಿಲ್ ಸೋರ್ತದ, ಸೀಲ್ ಬದಲಿ ಮಾಡ್ರಿ ಅಂತ ನಾಕು ಸಲ ಬರದೀನಿ. ದೇವರು ದೊಡ್ಡಾವ, ಯಾರೂ ಬದಲಿ ಮಾಡ್ಲಿಲ್ಲ."

ಗೇಟಿನ ಬಳಿ ನೆಲದ ಮೇಲೆ ಹಸಿ ಎಣ್ಣೆಯ ಕರಿ ಚುಕ್ಕೆ ಇತ್ತು. ಇಂಜಿನ್ನು ಇದ್ದ ಜಾಗ ಅದು. ವರಾಂಡಾದ ಬುಡದಿಂದ ಟೇಪು ಹಿಡಿದೆವು, ಮೂವತ್ತಮೂರು ಮೀಟರು. ಬಸ್ಸು ಗೇಟಿಗೆ ಮೂತಿ ಮಾಡಿ ನಿಂತಿತ್ತು. ವಿಮಾನ ಸಿಕ್ಕದ್ದು ಹಿಂದಿನ ಏಣಿಯ ಹತ್ತಿರ, ಆದ್ದರಿಂದ ಮುಂಭಾಗದಿಂದ ಹಿಂಭಾಗದವರೆಗಿನ ಉದ್ದ ಒಂಬತ್ತು ಮೀಟರು ಕಳೆದೆ. ಇಪ್ಪತ್ತನಾಲ್ಕು. ಹಿರಿಯ ಕಂಡಕ್ಟರಿಗಿಂತ ಐದು ಹೆಚ್ಚು.

"ಬಸ್ಸು ಓಡೂವಾಗ ಗಾಳಿಗಿ ಹಿಂದ ಸರದಿರಬೇಕು ಅದು!" ಎಂದು ಹಿರಿಯ ಕಂಡಕ್ಟರ್ ಕೂಗಿದ.

"ಹಂಗಂದ್ರ ಮೊದಲ ಇನ್ನೂ ಮುಂದ ಬಿದ್ದಿತ್ತು ಅಂತಾತು. ಇಪ್ಪತ್ತೇಳು ಬರಕೊಳ್ಳಲೇನು?" ಎಂದೆ.

ಅವನು ಸ್ವಲ್ಪ ಹೊತ್ತು ಬೆರಳಲ್ಲಿ ಗಾಳಿಯಲ್ಲಿ ಬಸ್ಸಿನ ಚಿತ್ರ ಬಿಡಿಸಿ ನೋಡಿದ. "ಬ್ಯಾಡ್ರಿ, ಇಪ್ಪತ್ತನಾಲ್ಕ ಇರಲಿ," ಎಂದ. ಆಮೇಲೆ ಮೊಬೈಲ್ ತೆಗೆದು ಯಾರಿಗೋ ಸೋಮವಾರ ಬರಬೇಡಿ ಎಂದ. ಮಾಲೀಕರ ಓಣಿಯ ಮಾತು ಅಂದು ಮತ್ತೆ ಬರಲಿಲ್ಲ.

ಅವಳಿಗೆ ಹಿಗ್ಗಲು ಸಮಯವಿರಲಿಲ್ಲ. ಒಂದು ಇಪ್ಪತ್ತೈದಕ್ಕೆ ಟಿಕೆಟ್ ಮಷಿನ್ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಲೇ ತಾಯಿಗೆ ಫೋನ್ ಮಾಡಿದಳು. "ಯವ್ವಾ, ಸೋಮವಾರದಿಂದ ಮುಂಜಾನಿ ಡ್ಯೂಟಿ. ಮೂರಕ್ಕ ಬಿಡ್ತಾರ. ಸಂಜಿಗಿ ಕೂಸಿಗಿ ಡಬ್ಬಿ ಹಾಲು ಕಲಸಬ್ಯಾಡ, ನಾ ಬಂದು ಕುಡಸ್ತೀನಿ. ಇಲ್ಲವ್ವ, ಯಾರ ಕಾಲೂ ಹಿಡದಿಲ್ಲ. ವಿಮಾನ ಹಾರಿಸೀನಿ. ವಿಮಾನ! ಆಮ್ಯಾಲ ಹೇಳ್ತೀನಿ ಇಡು."

ಅವಳ ಬಸ್ಸು ಒಂದು ಮೂವತ್ತೆಂಟಕ್ಕೆ ಗೇಟು ಬಿಟ್ಟಿತು. ಹಾಗೆಯೇ ಬರೆದೆ.

ಅಂದಿನಿಂದ ನಾನು ಬಸ್ಸು ಹೊರಬಿದ್ದ ಮೇಲೆಯೇ ಸಮಯ ಬರೆಯತೊಡಗಿದೆ. ಆ ತಿಂಗಳು ನಮ್ಮ ಶೆಡ್ಡು ಮಾಲೀಕರ ಪಟ್ಟಿಯಲ್ಲಿ ಕೊನೆಗೆ ಹೋಯಿತು. ಇಷ್ಟು ವರ್ಷ ಸರಿಯಾಗಿ ಓಡುತ್ತಿದ್ದ ಬಸ್ಸುಗಳು ಒಮ್ಮೆಲೇ ಯಾಕೆ ತಡವಾಗುತ್ತಿವೆ ಎಂದು ನೋಡಲು ಯಾದಗಿರಿಯಿಂದ ಒಬ್ಬರು ಬಂದರು. ಅವರು ಬಂದ ಬಸ್ಸು ಐವತ್ತು ನಿಮಿಷ ತಡವಾಗಿತ್ತು. ಕಾಗದದ ವಿಮಾನದಿಂದ ಕೆಲಸಗಾರರ ಶಿಸ್ತು ಹಾಳಾಗಿದೆ ಎಂದು ವರದಿ ಬರೆದುಕೊಂಡು ಹೋದರು. ಆದರೆ ಆಯಿಲ್ ಸೀಲು ಬಂತು. ಸೀಟಿನ ರೆಕ್ಸಿನ್ ಇನ್ನೂ ಬರಬೇಕು.

ಇದು ಆಮೇಲಿನ ಮಾತು. ಆ ಶನಿವಾರ ಮಧ್ಯಾಹ್ನ ಮೂರಕ್ಕೆ ಮ್ಯಾನೇಜರ್ ನನಗೆ ಮೆಮೊ ಕೊಟ್ಟ. ಕೊಡುವಾಗ ಎರಡು ಸಲ ಕ್ಷಮೆ ಕೇಳಿ, ಒಂದು ಚಹಾ ತರಿಸಿದ. ನಾನು ಚಹಾ ಕುಡಿದು, ತಪ್ಪು ಒಪ್ಪಿಕೊಂಡು ನಾಲ್ಕು ಸಾಲಿನ ಉತ್ತರ ಬರೆದು, ನಾಲ್ಕಕ್ಕೆ ಅವನ ಕೈಗೇ ಕೊಟ್ಟೆ. ಹನ್ನೊಂದು ವಿಮಾನಗಳಲ್ಲಿ ಹತ್ತನ್ನು ಆರಿಸಿ ತಂದೆ. ಸೀಲು ಇದ್ದ ಕಾಗದ ಹೊರಗೆ ಬೀಳಬಾರದು. ಹನ್ನೊಂದನೆಯದು ಸುರಪುರದಿಂದ ನಾಲ್ಕೂವರೆಯ ಬಸ್ಸಿನ ಡ್ರೈವರಿನ ಜೇಬಿನಲ್ಲಿ ವಾಪಸು ಬಂತು. ಎಲ್ಲವನ್ನೂ ಬಿಡಿಸಿ, ಚಪ್ಪಟೆ ಮಾಡಿ, ಮ್ಯಾನೇಜರಿಗೆ ಎಣಿಸಿ ಒಪ್ಪಿಸಿದೆ.

ಡ್ಯೂಟಿ ಪಟ್ಟಿ ಬರೆಯುವ ಗುಮಾಸ್ತ ಶನಿವಾರವೆಂದು ಮಧ್ಯಾಹ್ನವೇ ಮನೆಗೆ ಹೋಗಿದ್ದ. ಆದ್ದರಿಂದ ಸೋಮವಾರದ ಪಟ್ಟಿ ನಾನೇ ಬರೆದೆ. ಬೆಳಿಗ್ಗೆ ಏಳು ಗಂಟೆ, ಸುರಪುರ, ಅದರ ಮುಂದೆ ಗೋಗಿಯ ಹೆಣ್ಣುಮಗಳ ಹೆಸರು. ಮಧ್ಯಾಹ್ನ ಒಂದೂವರೆಯ ಸಾಲಿನಲ್ಲಿ ಹಿರಿಯ ಕಂಡಕ್ಟರಿನ ಹೆಸರು ಬಂತು, ಸರದಿಯ ಪ್ರಕಾರ ಅದು ಅವನದೇ. ಮ್ಯಾನೇಜರಿನ ಸಹಿ ಮಾಡಿಸಿ, ಐದು ಐವತ್ತಕ್ಕೆ ಬೋರ್ಡಿಗೆ ನಾಲ್ಕೂ ಮೂಲೆಗೆ ಅಂಟು ಹಚ್ಚಿ ಅಂಟಿಸಿದೆ.